ಪುಟ ತೆಗೆಸಿದ ಇನ್‌ಸ್ಪೆಕ್ಟರಮ್ಮ

ಸೈಬರ್ ಕೆಫೆಗಳು ಶಿರಸಿಗೆ ಬಂದು ಕೆಲವು ವರ್ಷವಾಗಿತ್ತು. ನಾನು ಎಕ್ಕಂಬಿಯಿಂದ ಬಸ್ಸಿನಲ್ಲಿ ಅಲ್ಲಿಯ ಕಾಲೇಜಿಗೆ ಹೋಗಿಬರುತ್ತಿದ್ದೆ. ಯಾವನೋ ಪುಣ್ಯಾತ್ಮ ಕಾಲೇಜು ಸಮಾರಂಭದ ನನ್ನ ಫೋಟೊವನ್ನು ಮನೆಯ ಫೋನ್ ನಂಬರಿನ ಸಮೇತ ಸ್ನೇಹ ಬೆಳೆಸುವ ಒಂದು ವೆಬ್‌ಸೈಟಿಗೆ ಹಾಕಿದ. ಅದರ ಕೆಳಗೆ ಏನಿತ್ತೆಂದು ಇಲ್ಲಿ ಬರೆಯಲಾರೆ. ಗುರುತು ಪರಿಚಯವಿಲ್ಲದ ಗಂಡಸರು ಫೋನ್ ಮಾಡತೊಡಗಿದರು. ನಂಬರು ಎಲ್ಲಿ ಸಿಕ್ಕಿತೆಂದು ಗದರಿದಾಗ ಒಬ್ಬ ವೆಬ್‌ಸೈಟಿನ ಹೆಸರು ಬಾಯಿಬಿಟ್ಟ. ಅಪ್ಪಯ್ಯ ರಿಸೀವರ್ ಕುಕ್ಕಿ, "ಕೂಸೆ, ನಾಳೆಯಿಂದ ಕಾಲೇಜು ಬ್ಯಾಡ" ಎಂದ. ತಪ್ಪು ಮಾಡಿದವನು ಯಾರೋ, ಮನೆಯಲ್ಲಿ ಕೂರಬೇಕಾದವಳು ನಾನು. ಮೈಯೆಲ್ಲ ಉರಿದುಹೋಯಿತು.

ಅಮ್ಮನ ಒತ್ತಾಯಕ್ಕೆ ಅಪ್ಪಯ್ಯ ನನ್ನನ್ನು ಠಾಣೆಗೆ ಕರೆದೊಯ್ದ. ಅಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ಹಾವೇರಿ ಕಡೆಯ ಹೆಂಗಸು. ಫೋಟೊ ಯಾಕೆ ತೆಗೆಸಿಕೊಂಡೆ ಎಂದು ಅವರು ಕೇಳಲಿಲ್ಲ. ಆ ಒಂದು ಕಾರಣಕ್ಕೇ ನನಗೆ ಹಿಡಿಸಿಬಿಟ್ಟರು. ವೆಬ್‌ಸೈಟಿನ ಕಚೇರಿ ಯಾವುದೋ ದೇಶದಲ್ಲಿತ್ತು. ನನ್ನ ಫೋಟೊ ಇದ್ದ ಪುಟ ತೆಗೆಯಿರೆಂದು ಅದಕ್ಕೆ ಯಾರು ಹೇಳಬೇಕು, ಹೇಗೆ ಹೇಳಬೇಕು ಎಂಬುದು ಅವರ ಮೇಲಧಿಕಾರಿಗಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಠಾಣೆಯಲ್ಲಿ ಇಂಟರ್‌ನೆಟ್ ಇಲ್ಲದ್ದರಿಂದ ಅವರು ದಿನಾ ಕೆಫೆಗೆ ಹೋಗಿ ಕಂಪನಿಗೆ ಮೇಲ್ ಬರೆದರು. ದೂರು ತಲುಪಿದೆ, ಪರಿಶೀಲಿಸುತ್ತೇವೆ ಎಂಬ ಯಂತ್ರದ ಉತ್ತರವೇ ಮತ್ತೆ ಮತ್ತೆ ಬಂತು. ನಮ್ಮ ಕಡೆ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳವಾದರೂ ಉಪ್ಪು ಹಾಕಿದರೆ ಬಿಡುತ್ತದೆ, ಈ ಇನ್‌ಸ್ಪೆಕ್ಟರಮ್ಮ ಬಿಡಲಿಲ್ಲ.

ಹಾಗೆ ಹೋಗಿಬರುವಾಗ ಕೆಫೆಗಳೂ ಅವರ ಕಣ್ಣಿಗೆ ಬಿದ್ದವು. ಬಾಗಿಲು ಹಾಕಿಕೊಂಡು ಕೂರುವ ಕ್ಯಾಬಿನ್ನುಗಳನ್ನು ಬಿಚ್ಚಿಸಿದರು, ಬಂದವರ ಗುರುತಿನ ಚೀಟಿ ಕೇಳಬೇಕೆಂದು ತಾಕೀತು ಮಾಡಿದರು. ಗಿರಾಕಿ ತಪ್ಪುತ್ತದೆಂದು ಮಾಲೀಕರು ಗೊಣಗಿದರು. ಆದರೆ ಅಲ್ಲಿಯತನಕ ಒಳಗೆ ಕಾಲಿಡದಿದ್ದ ಹುಡುಗಿಯರು ಬಂದು ಧೈರ್ಯವಾಗಿ ಕೂತರು.

ಕೊನೆಗೂ ಆ ಪುಟ ಹೋಯಿತು. ಹಾಕಿದವನು ಮಾತ್ರ ಸಿಗಲಿಲ್ಲ. ಇನ್‌ಸ್ಪೆಕ್ಟರಮ್ಮ ನಮ್ಮನ್ನು ಕೆಫೆಗೆ ಕರೆಸಿ, ಅಪ್ಪಯ್ಯನನ್ನೇ ಪರದೆಯೆದುರು ಕೂರಿಸಿ ತೋರಿಸಿದರು. ಇನ್ನು ಮಗಳನ್ನು ಕಾಲೇಜಿಗೆ ಕಳಿಸಿ ಎಂದರು. ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ.

"ಮತ್ತೆ ಹಾಕಿದ್ರೆ ಎಂತ ಮಾಡೂದು ಮೇಡಂ?"

ಇನ್ನು ಹಾಗಾಗುವುದಿಲ್ಲವೆಂದು ಅವರು ಮಾತು ಕೊಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಕೊಡಲಿಲ್ಲ.

"ಹಾಕಬಹುದ್ರಿ. ಮತ್ತ ತಗಸ್ತೀನಿ," ಎಂದರು. "ಅಕಿ ಮನ್ಯಾಗ ಕುಂತ್ರ ಅವ ಹಾಕೂದೇನ್ ಬಿಡಂಗಿಲ್ಲ."

ಅಪ್ಪಯ್ಯ ಎದ್ದು ಹೊರಟ. ನನ್ನ ಕಥೆ ಮುಗಿಯಿತೆಂದುಕೊಂಡು ಅವನ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ನಮ್ಮ ಬಸ್ಸು ನಿಂತಿತ್ತು. ಹತ್ತುವ ಮೊದಲು ಅವನು ಕಂಡಕ್ಟರನ ಹತ್ತಿರ, ಬೆಳಗ್ಗೆ ಕಾಲೇಜು ಹೊತ್ತಿನ ಬಸ್ಸು ಈಗಲೂ ಅದೇ ಟೈಮಿಗೆ ಬರುತ್ತದೆಯೇ ಎಂದು ವಿಚಾರಿಸಿದ.