ಸೀಮೆಸುಣ್ಣದ ಅರ್ಧ ಗೆರೆ

ಬಿಸಿ ಕಬ್ಬಿಣದ ಮೇಲೆ ಎಣ್ಣೆ ಬಿದ್ದ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನಾನು ಸುಂಕದಕಟ್ಟೆಯ ನಮ್ಮ ಮನೆಯ ಹಿತ್ತಲಿಗೆ ಹೋಗಿಬಿಡುತ್ತೇನೆ. ಅಲ್ಲಿ ಶೀಟಿನ ಶೆಡ್ಡಿನಲ್ಲಿ ಅಪ್ಪನ ಲೇತ್ ಮೆಷಿನ್ ಇತ್ತು. ಈಗ ಮನೆಯೂ ಇಲ್ಲ, ಶೆಡ್ಡೂ ಇಲ್ಲ. ಆ ಸೈಟಿನಲ್ಲಿ ನಾಲ್ಕಂತಸ್ತು ಎದ್ದಿದೆ. ಶಾಲೆಯಿಂದ ಬರುವಾಗ ಅಪ್ಪನಿಗೆಂದು ಸೀಮೆಸುಣ್ಣದ ಮೋಟು ತುಂಡುಗಳನ್ನು ಯೂನಿಫಾರ್ಮಿನ ಜೇಬಿನಲ್ಲಿ ತುಂಬಿಕೊಂಡು ತರುತ್ತಿದ್ದೆ. ಅವರು ಕಬ್ಬಿಣವನ್ನು ಮೆಷಿನ್ನಿಗೆ ಕಚ್ಚಿಸಿ, ಮೆಲ್ಲಗೆ ತಿರುಗಿಸಿ, ಸೀಮೆಸುಣ್ಣ ತಾಗಿಸುತ್ತಿದ್ದರು. ಒಂದೇ ಪಕ್ಕ ಗೆರೆ ಬಿದ್ದರೆ ಕಬ್ಬಿಣ ಓರೆ ಕೂತಿದೆ ಎಂದರ್ಥ. ಸುತ್ತಲೂ ಬಿದ್ದರೆ ಸರಿ. “ಯಾವ್ ಕಡೆಯಿಂದ ನೋಡಿದ್ರೂ ಒಂದೇ ಥರ ಇರ್ಬೇಕು ಕಣೇ. ಆಮೇಲೆ ಅದರ ಪಾಡಿಗೆ ಅದು ತಿರುಗುತ್ತೆ” ಅನ್ನುತ್ತಿದ್ದರು.

ಒಂದು ಸಂಜೆ ಅಪ್ಪ ಕಾಫಿಗೆಂದು ಒಳಗೆ ಹೋಗಿದ್ದರು. ನಿಂತ ಮೆಷಿನ್ನಿನಲ್ಲಿ ಕಚ್ಚಿಸಿದ್ದ ಕಬ್ಬಿಣದ ಮೇಲೆ ಅರ್ಧ ಗೆರೆ ಕಂಡಿತು. ಪಾಪ, ಅಪ್ಪನಿಗೆ ಖುಷಿಯಾಗಲಿ ಎಂದು ಉಳಿದರ್ಧವನ್ನು ನಾನೇ ಎಳೆದು ಮುಗಿಸಿದೆ. ಎಂಥ ಬುದ್ಧಿವಂತೆ ನೋಡಿ! ಅಪ್ಪ ಬಂದವರು ಸುತ್ತಲೂ ಗೆರೆ ಇದ್ದದ್ದು ನೋಡಿ, ತಾವೇ ಆಗಲೇ ಸರಿ ಮಾಡಿಟ್ಟಿದ್ದೇವೆ ಅಂದುಕೊಂಡು ಕೊರೆದರು. ತೂತು ಓರೆಯಾಗಿ ಎರಡು ದಿನದ ಕೆಲಸ ಕೆಟ್ಟುಹೋಯಿತು. “ನೀನೇನಾದ್ರೂ ಮುಟ್ಟಿದ್ಯೇನೇ?” ಅಂದರು. “ಇಲ್ಲಪ್ಪ” ಅಂದೆ. ನಂಬಿಬಿಟ್ಟರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಅವರು ಕನ್ನಡಕ ತೆಗೆದು ಒರೆಸುತ್ತ, “ಕಣ್ಣು ಹೋಯ್ತು ಅನ್ಸುತ್ತೆ ನಂದು” ಅಂದರು. ಅಂದಿನಿಂದ ಪ್ರತಿ ಕೆಲಸಕ್ಕೂ ಎರಡೆರಡು ಸಲ ಗೆರೆ ಹಾಕಿ ನೋಡತೊಡಗಿದರು. ನಾನು ತುಂಡುಗಳನ್ನು ತಂದುಕೊಡುತ್ತಲೇ ಇದ್ದೆ, ಬಾಯಿ ಮಾತ್ರ ಬಿಡಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುವಷ್ಟರಲ್ಲಿ ಅಪ್ಪ ಹೋಗಿಬಿಟ್ಟರು.

ಈಗ ರಾಜಾಜಿನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮೊನ್ನೆ ಕಪ್ಪುಕುಳಿಯ ಪಾಠ, ಒಳಗೆ ಬಿದ್ದರೆ ಬೆಳಕೂ ಹೊರಗೆ ಬರಲಾರದ ಬ್ಲ್ಯಾಕ್ ಹೋಲ್. ತಿರುಗುವ ಕಪ್ಪುಕುಳಿ ತನ್ನ ಅಕ್ಷದ ಸುತ್ತ ಯಾವ ಕಡೆಯಿಂದ ನೋಡಿದರೂ ಒಂದೇ ಥರ. ಅದಕ್ಕೇ ಅದರೊಳಗೆ ಬೀಳುವ ವಸ್ತುವಿನ ತಿರುಗುವಿಕೆ ನಷ್ಟವಾಗುವುದಿಲ್ಲ ಎಂದು ವಿವರಿಸುತ್ತಿದ್ದೆ. ಬಿದ್ದದ್ದು ಕಲ್ಲೋ ಕಬ್ಬಿಣವೋ ಹೊರಗಿನವರಿಗೆ ತಿಳಿಯದು, ಆದರೆ ಅದರ ತಿರುಗುವಿಕೆ ಕುಳಿಯ ತಿರುಗುವಿಕೆಗೆ ಸೇರಿಕೊಂಡಿರುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಒಳಗೆ ಬಿದ್ದೋರಿಗೆ ನಾವು ಹೊರಗಿಂದ ಏನಾದ್ರೂ ಹೇಳಿದ್ರೆ ತಲುಪುತ್ತಾ?” “ಸ್ವಲ್ಪ ಹೊತ್ತು ತಲುಪುತ್ತೆ ಕಣಮ್ಮ. ಉತ್ತರ ಮಾತ್ರ ಬರಲ್ಲ” ಅಂದೆ. ಬೋರ್ಡಿನ ಕಡೆ ತಿರುಗಿದರೆ ನಾನು ಬರೆಯುತ್ತಿದ್ದ ವೃತ್ತ ಅರ್ಧಕ್ಕೇ ನಿಂತಿತ್ತು. ಕೈಯಲ್ಲಿ ಸೀಮೆಸುಣ್ಣ. ಮಕ್ಕಳಿಗೆ ಕೇಳದ ಹಾಗೆ, ಬೋರ್ಡಿಗೇ ಮುಖ ಮಾಡಿ ಹೇಳಿದೆ: “ಅವತ್ತು ಗೆರೆ ಎಳೆದಿದ್ದು ನಾನೇ ಅಪ್ಪ. ನಿಮ್ಮ ಕಣ್ಣು ಚೆನ್ನಾಗೇ ಇತ್ತು.”