ದೊಡ್ಡವ್ವನ ಹೆಸರಿನ ಮಿಕ್ಸಿ

ದೊಡ್ಡವ್ವನ ಬಲಗೈಯ ಅಂಗೈ ನಡುವೆ ದುಂಡನೆಯ ಕೆಂಪು ಗುರುತೊಂದು ಮೂಡಿರುತ್ತಿತ್ತು. ಮಿಕ್ಸಿಯ ಮುಚ್ಚಳ ಒತ್ತಿ ಒತ್ತಿ ಆದ ಗುರುತು. ಅವಳ ಮಿಕ್ಸಿ ಓಡುವಾಗ ಅಡುಗೆಕಟ್ಟೆಯ ಮೇಲೆ ಕುಣಿಯುತ್ತಿತ್ತು. ಮೈಭಾರವೆಲ್ಲ ಹಾಕಿ ಹಿಡಿಯದಿದ್ದರೆ ಚಟ್ನಿ ಗೋಡೆಗೆ ಹಾರುತ್ತಿತ್ತು. ಬಳೆಗಳು ಗಡಗಡ ನಡುಗುತ್ತಿದ್ದರೂ ಹಲ್ಲುಕಚ್ಚಿ ನಿಂತಿರುತ್ತಿದ್ದಳು.

ಅವಳು ನನ್ನ ಅವ್ವನ ಅಕ್ಕ. ಹುಟ್ಟಿದ್ದು ಠಾಣಾ ಕುಶನೂರಿನಲ್ಲಿ, ನರ್ಸ್ ಆಗಿ ದುಡಿದದ್ದು ಭಾಲ್ಕಿಯಲ್ಲಿ. ಮದುವೆ ಬೇಡವೆಂದಳು, ಆಗಲಿಲ್ಲ. ನಿವೃತ್ತಿಯಾದ ಮೇಲೆ ಮೈಲೂರಿನ ನಮ್ಮ ಮನೆಗೆ ಒಂದು ಟ್ರಂಕು ಮತ್ತು ಆ ಮಿಕ್ಸಿ ಹಿಡಿದುಕೊಂಡು ಬಂದಳು.

ಆಗೆಲ್ಲ ನಮ್ಮವರ ಮನೆಗೆ ಮಿಕ್ಸಿ ಬರುತ್ತಿದ್ದದ್ದು ಮದುವೆಯ ಉಡುಗೊರೆಯಾಗಿ. ಜಾರಿನ ಮೇಲೆ ಇಂಥವರಿಂದ ಇಂಥವರಿಗೆ ಎಂದು ಹೆಸರು ಕೊರೆಸಿ ಕೊಡುವುದು ಪದ್ಧತಿ. ಮದುವೆಯೇ ಇಲ್ಲದವಳಿಗೆ ಕೊಡುವವರು ಯಾರು? ರಾತ್ರಿಪಾಳಿ ಮುಗಿಸಿ ಬಂದವಳು ಕಲ್ಲಿನ ಮುಂದೆ ಕೂತು ಖಾರ ಅರೆಯುತ್ತಿದ್ದಳು. ಒಮ್ಮೆ ಮಿಕ್ಸಿಯ ಮಾತೆತ್ತಿದಾಗ ಅವಳ ತಮ್ಮ, ಅಂದರೆ ನಮ್ಮ ಮಾಮ, ನಕ್ಕುಬಿಟ್ಟನಂತೆ. "ಮದುವಿ ಮಾಡ್ಕೊ ಅಕ್ಕ, ಮಿಕ್ಸಿ ತಾನೇ ಬರ್ತದ."

ಆ ತಿಂಗಳ ಪಗಾರ ಕೈಗೆ ಬಂದದ್ದೇ ಅವಳು ಬಜಾರಿಗೆ ಹೋಗಿ ಮಿಕ್ಸಿ ಕೊಂಡಳು. ಹೆಸರು ಕೊರೆಯುವವನು ರೂಢಿಯಂತೆ ಕೇಳಿದ: "ಯಾರಿಂದ ಅಂತ ಹಾಕ್ಲಿರಿ?"

"ನನ್ನ ಹೆಸರು ಹಾಕ್ರಿ."

"ಯಾರಿಗೆ?"

"ಅಲ್ಲೂ ನನ್ನ ಹೆಸರೇ ಹಾಕ್ರಿ."

ಪಾಪ, ಇವಳಿಗೆ ತಿಳಿದಿಲ್ಲವೆಂದು ಅವನು ಮತ್ತೆ ಬಿಡಿಸಿ ಹೇಳಿದನಂತೆ. "ನಂಗ ತಿಳದದರಿ. ನೀವು ಕೊರೀರಿ," ಎಂದಳು. ಆ ಜಾರಿನ ಮೇಲೆ ಕೊಟ್ಟವಳೂ ಅವಳೇ, ಪಡೆದವಳೂ ಅವಳೇ.

ಇಂಥ ಮಿಕ್ಸಿಯನ್ನು ನನ್ನ ತಮ್ಮ ಒಂದು ಹಬ್ಬದ ಎಕ್ಸ್‌ಚೇಂಜ್ ಆಫರಿನಲ್ಲಿ ಕೊಟ್ಟು ಹೊಸದು ತಂದ. ಮುದುಕಿಯ ಕೈಗೆ ಆರಾಮಾಗಲಿ ಎಂದೇ ತಂದದ್ದು. ಆದರೆ ಅವಳನ್ನು ಕೇಳಲಿಲ್ಲ. ಅವಳು ಯಾರದೋ ಮದುವೆಗೆಂದು ಔರಾದಿಗೆ ಹೋಗಿದ್ದಳು. ಬಂದವಳು ಅಡುಗೆಕಟ್ಟೆ ನೋಡಿದಳು, ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, "ಚಪ್ಪಲಿ ಮೆಟ್ಕೊ, ನಡಿ," ಎಂದಳು.

ಗಾಂಧಿ ಗಂಜಿನ ಹತ್ತಿರದ ಆ ಅಂಗಡಿಗೆ ಹೋದರೆ ಮಿಕ್ಸಿ ಇನ್ನೂ ಕೌಂಟರಿನ ಮೇಲೇ ಇತ್ತು. ಯಾರೋ ಒಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಹೈದರಾಬಾದಿನಲ್ಲಿ ಹೋಟೆಲ್ ತೆಗೆಯುತ್ತಾರಂತೆ, ಅದರ ಗೋಡೆಗೆ ಹಳೇ ರೇಡಿಯೋ, ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಪಂಪ್ ಸ್ಟೋವ್ ಜೋಡಿಸುತ್ತಾರಂತೆ.

"ಖಾಲಾ, ನಿಮ್ಮ ಮಿಕ್ಸಿ ನಸೀಬು ನೋಡ್ರಿ, ಶೋಕೇಸಿನಾಗ ಕೂಡ್ತದ!" ಎಂದು ಅಂಗಡಿಯವನು ನಕ್ಕ.

ದೊಡ್ಡವ್ವ ಹೋಟೆಲಿನವರನ್ನೇ ಕೇಳಿದಳು. "ಚಾಲೂ ಮಾಡ್ತೀರೇನು?"

"ಇಲ್ಲರಿ ಅಮ್ಮಾ, ಬರೇ ನೋಡ್ಲಿಕ್ಕ. ಹಳೇದು ಅಂದ್ರ ಮಂದಿಗಿ ಭಾಳ ಹುಚ್ಚು."

"ಹಂಗಾದ್ರ ಕೊಡೂದಿಲ್ಲರಿ. ನಾನೂ ಜೀವಂತ ಇದ್ದೇನಿ, ಅದೂ ಜೀವಂತ ಅದ."

ಜಾರು ತಿರುಗಿಸಿ ಅಂಗಡಿಯವನಿಗೆ ಹೆಸರು ತೋರಿಸಿದಳು. "ಇದರ ಮ್ಯಾಲ ನಮ್ಮ ಹುಡುಗನ ಹೆಸರು ಎಲ್ಲೆರ ಅದ ಏನ್ರಿ? ಅವ ಹ್ಯಾಂಗ ಮಾರ್ದ?" ಉತ್ತರಕ್ಕೆ ಕಾಯದೆ ಅಲ್ಲೇ ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತಿದಳು. ಗರ್ರ್ ಎಂಬ ಆ ಸದ್ದಿಗೆ ಗಿರಾಕಿಗಳೆಲ್ಲ ಮಾತು ಬಿಟ್ಟು ತಿರುಗಿ ನೋಡಿದರು. ಅಂಗಡಿಯವನು ಕೈಮುಗಿದು, "ಒಯ್ಯಿರಿ ಖಾಲಾ," ಎಂದ. ನನ್ನ ತಮ್ಮ ಮುಖ ಸಪ್ಪಗೆ ಮಾಡಿಕೊಂಡು ಹೊಸದನ್ನು ಹಿಂದಿರುಗಿಸಿ ಬಂದ.

ಈಗ ಹಳೇ ಸಾಮಾನಿನ ಫೋಟೋ ಹಾಕಿ "ಎಷ್ಟು ಸೊಗಸಾದ ಕಾಲ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಕಾಲ ಸೊಗಸಾಗಿರಲಿಲ್ಲ ಸ್ವಾಮಿ! ನನ್ನ ದೊಡ್ಡವ್ವನನ್ನು ಅದು ಕಲ್ಲಿನ ಮುಂದೆ ಕೂರಿಸಿ ನಕ್ಕಿತ್ತು. ಸೊಗಸಾಗಿದ್ದದ್ದು ಅವಳು ಅಲ್ಲಿಂದ ಎದ್ದದ್ದು, ಆ ಮಿಕ್ಸಿ ಅದಕ್ಕೆ ಸಾಕ್ಷಿ. ನನಗೂ ಅದರ ಹುಚ್ಚಿದೆ, ಇಲ್ಲವೆನ್ನುವುದಿಲ್ಲ. ನನ್ನ ಸಂಬಳ ನನ್ನದು ಎಂದು ಮನೆಯಲ್ಲಿ ಗಟ್ಟಿಯಾಗಿ ಹೇಳಲು ನಾನು ಕಲಿತದ್ದು ಆ ಜಾರಿನ ಮೇಲಿನ ಎರಡು ಹೆಸರು ಓದಿ.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಕೊನೆಗೆ ಹಾಸಿಗೆಯಲ್ಲಿದ್ದಾಗಲೂ ನನ್ನನ್ನು ಗದರಿಸಿದ್ದಳು: "ಮಿಕ್ಸಿ ತೊಳದು ಮ್ಯಾಲ ಎತ್ತಿಟ್ಟಿ ಅಂದ್ರ ನೋಡು. ಅರೀಬೇಕು."

ತೀರಿಕೊಂಡವರ ಹೆಸರಿನಲ್ಲಿ ಮಾಡುವ ಪುಣ್ಯಾನುಮೋದನೆಯ ದಿನ ಮನೆ ತುಂಬ ನೆಂಟರು. ಬುದ್ಧವಂದನೆ ಮುಗಿದು ಊಟಕ್ಕೆ ಕೂರುವ ಹೊತ್ತು, ಶೇಂಗಾಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಸಾಲದಾಯಿತು. ನಾನು ಅವಳ ಮಿಕ್ಸಿ ಹಚ್ಚಿದೆ. ಆ ಸದ್ದು ಕೇಳಿ ಪಡಸಾಲೆಯಲ್ಲಿ ಕೂತಿದ್ದ ಮಾಮ, ಈಗ ಹಣ್ಣುಹಣ್ಣು ಮುದುಕ, ಕೂಗಿದ: "ಇವತ್ತರ ಆ ಗದ್ದಲ ಬ್ಯಾಡವ್ವ!"

"ಇವತ್ತೇ ಬೇಕು ಮಾಮಾ," ಎಂದೆ.

ಮೈಭಾರವೆಲ್ಲ ಹಾಕಿ ಮುಚ್ಚಳ ಒತ್ತಿದೆ. ಹಿಂಡಿ ನುಣ್ಣಗಾಗುವವರೆಗೆ ಸ್ವಿಚ್ ಆರಿಸಲಿಲ್ಲ. ಕೈ ತೆಗೆದಾಗ ಅಂಗೈ ನಡುವೆ ದುಂಡನೆಯ ಕೆಂಪು ಗುರುತು ಮೂಡಿತ್ತು. ಅದೇ ಕೈಯಿಂದ ಮೊದಲು ಮಾಮನ ತಾಟಿಗೇ ಬಡಿಸಿದೆ.