ಹೊಸ ಮನೆಯಲ್ಲಿ ಅಣ್ಣ ಕೂರಲಿಲ್ಲ

ಗೆಳೆಯರೇ, ಜತ್ತ ಸಂಸ್ಥಾನ ಹೋಗಿ ಸರಕಾರ ಬಂದಮೇಲೆ ನನ್ನಂಥ ಕಾರಕೂನನಿಗೂ ಹೊಸ ಕ್ವಾರ್ಟರ್ಸು ಸಿಕ್ಕಿದೆ. ಅದನ್ನು ಅಂದಗಾಣಿಸಲು ಸಾಂಗಲಿಯಿಂದ ಒಬ್ಬರನ್ನು ಕರೆಸಿದ್ದೆ. ಕಚೇರಿಗಳನ್ನು ಸಜ್ಜುಗೊಳಿಸಿ ಹೆಸರಾದವರು. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಮೇಜು ಹಾಕಿಸಿದರು, ಅದರ ಹಿಂದೆ ನನ್ನ ಕುರ್ಚಿ. ಬಂದವರು ಕೂರಲೆಂದು ನೆಲಕ್ಕೆ ಹಾಸಿದ್ದ ಕಂಬಳಿ ನೋಡಿ, “ಇದು ಹೆಚ್ಚಿಂದ್ರಿ, ಬೇಕಾಗಿಲ್ಲ, ತಗಸ್ರಿ” ಎಂದು ಅಟ್ಟಕ್ಕೆ ಹಾಕಿಸಿದರು.

ಇವತ್ತು ಬೆಳಿಗ್ಗೆ ನಮ್ಮೂರು ಮಾಡಗ್ಯಾಳದಿಂದ ಅಣ್ಣ ಬಂದ. ಕುರಿ ಕಾಯ್ದು ನನ್ನನ್ನು ಓದಿಸಿದವನು, ಆ ಕಂಬಳಿ ಕೊಟ್ಟವನೂ ಅವನೇ. ಮೇಜಿನ ಹಿಂದಿದ್ದ ನನ್ನನ್ನು ನೋಡಿದವನೇ ಮಾಮಲೇದಾರರ ಎದುರು ನಿಲ್ಲುವ ಹಾಗೆ ಬಾಗಿಲಲ್ಲೇ ಕೈಕಟ್ಟಿ ನಿಂತ.

“ಬಾ ಅಣ್ಣಾ, ಕುಂದ್ರು.”

“ಇರ್ಲಿ ಬಿಡೋ ತಮ್ಮಾ. ನಿಂತ್ಕೊಂಡ ಮಾತಾಡ್ತೀನಿ.”

ಎದ್ದು ಹೋಗಿ ಕೈಹಿಡಿದು ಎಳೆದೆ. ಬರಲಿಲ್ಲ. ಚಹಾವನ್ನೂ ನಿಂತೇ ಕುಡಿದ. ಹೊರಡುವಾಗ ನನ್ನ ಹೆಂಡತಿಗೆ ಹೇಳಿದ: “ಮಗಳನ್ನ ನಿಮ್ಮ ಹಂತ್ಯಾಕ ಬಿಟ್ಟು ಸಾಲಿಗೆ ಹಚ್ಚೂಣಂತ ಬಂದಿದ್ನಿ, ತಂಗಿ. ಈ ಮನ್ಯಾಗ ಆಕಿ ಎಲ್ಲಿ ಕುಂದ್ರಬೇಕು, ಎಲ್ಲಿ ಮಲಗಬೇಕು? ಬ್ಯಾಡ ಬಿಡು.”

ನಾವಿಬ್ಬರೂ ಎಷ್ಟು ಬೇಡಿಕೊಂಡರೂ ನಿಲ್ಲದೆ ಬಸ್ಸು ಹತ್ತಿದ.

ಮಧ್ಯಾಹ್ನ ಸಾಂಗಲಿಯವರು ಬಂದರು. ಪಡಸಾಲೆಯ ನಡುವೆ ನಿಂತು ಸುತ್ತಲೂ ಕಣ್ಣಾಡಿಸಿ ಬಹಳ ಸಂತೋಷಪಟ್ಟರು.

“ಈಗ ನೋಡ್ರಿ ರಾವಸಾಹೇಬ್ರ, ಮನ್ಯಾಗ ಹೆಚ್ಚಿಂದು ಅನ್ನೂದು ಏನೂ ಉಳಿದಿಲ್ಲ!”

ಖರೆ ಮಾತು. ಬೆಳಿಗ್ಗೆ ಒಬ್ಬ ಉಳಿದಿದ್ದ. ಅವನೂ ಹೋದ.